ಬಲಮಗ್ಗುಲಿನ ತುಕ್ಕು

ಹದಿನಾಲ್ಕನೆಯ ತಾರೀಖು ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸಕರು ಠಾಣೆಗೆ ಬಂದು, ಬಿಳಿ ಟವೆಲ್ಲಿನಲ್ಲಿ ಸುತ್ತಿದ ಗಂಟೊಂದನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟರು.

"ನನ್ನ ಪಿಸ್ತೂಲು. ಲೈಸೆನ್ಸ್ ಇದೆ. ಒಂಬತ್ತು ದಿನದಿಂದ ಕಾಣೆಯಾಗಿತ್ತು. ನಿನ್ನೆ ಸಂಜೆ ನೋಡಿದ್ರೆ ನನ್ನ ರೂಮಿನ ಡ್ರಾಯರಲ್ಲೇ ಇದೆ."

ಇನ್‌ಸ್ಪೆಕ್ಟರ್ ಮೇಡಂ ಪೆನ್ನಿನ ಮುಚ್ಚಳ ತೆಗೆದರು. "ಒಂಬತ್ತು ದಿನ ಯಾಕೆ ಬರಲಿಲ್ಲ?"

"ಹುಡುಕ್ತಾ ಇದ್ದೆ."

"ಡಾಕ್ಟ್ರೇ."

ವೈದ್ಯರು ನೆಲ ನೋಡಿದರು. "ಲೈಸೆನ್ಸ್ ಕಿತ್ಕೋತಾರೆ ಅಂತ ಭಯ."

"ಈಗ ಭಯ ಹೋಯ್ತಾ?"

"ಇಲ್ಲ, ಜಾಸ್ತಿ ಆಯ್ತು. ಅದರ ಮೈ ನೋಡಿ."

ಮೇಡಂ ಟವೆಲ್ ಬಿಚ್ಚಿ ಒಮ್ಮೆ ನೋಡಿ, ಒಳಕೋಣೆಯ ಕಡೆ ಕೂಗಿದರು. "ದಫೇದಾರ್ರೇ, ನಿಮ್ಮ ಪೈಕಿಯವರು ಯಾರೋ ಬಂದಿದಾರೆ."

ದಫೇದಾರ ಇಪ್ಪತ್ತಾರು ವರ್ಷದಿಂದ ಠಾಣೆಯ ಆಯುಧಗಳನ್ನು ನೋಡಿಕೊಳ್ಳುತ್ತಿದ್ದ ಮನುಷ್ಯ. ಅವನ ಅಂಗಿಯ ತೋಳಿನಿಂದ ಎಣ್ಣೆ ಕಲೆ ಹೋಗುವುದೇ ಇಲ್ಲವೆಂದು ಹೆಂಡತಿ ಆಡಿಕೊಳ್ಳದ ದಿನವಿರಲಿಲ್ಲ. "ಕಬ್ಬಿಣಕ್ಕೆ ತಿನ್ನಿಸಿದ್ದು ಹೆಚ್ಚಾಯ್ತು, ನಿಮಗೆ ತಿನ್ನೋಕೆ ಟೈಮಿಲ್ಲ" ಎಂದು ಆಕೆ ಡಬ್ಬಿ ಕಟ್ಟಿಕೊಡುವಾಗಲೆಲ್ಲ ಹೇಳುತ್ತಿದ್ದಳು. ಅವನು ಕೈಗೆ ತೆಳು ಗ್ಲೌಸ್ ಹಾಕಿಕೊಂಡು, ನಳಿಗೆಯನ್ನು ಮೂಲೆಯ ಮರಳಿನ ಡಬ್ಬದ ಕಡೆಗೆ ತಿರುಗಿಸಿ, ಮೊದಲು ಮ್ಯಾಗಜಿನ್ ತೆಗೆದ. ಆಮೇಲೆ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆಳೆದ. ಗುಂಡೊಂದು ಠಣ್ಣೆಂದು ಚಿಮ್ಮಿ ಮೇಜಿನ ಮೇಲೆ ಉರುಳಿತು.

ವೈದ್ಯರ ಮುಖ ಸುಣ್ಣ ಬಳಿದ ಗೋಡೆಯಂತಾಯಿತು.

"ಗುಂಡು ಏರಿಸ್ಕೊಂಡೇ ಬಂದಿದೀರಾ, ಸಾರ್?"

"ನಾನಲ್ಲ! ನಾನು ಮ್ಯಾಗಜಿನ್‌ನಲ್ಲಿ ಮಾತ್ರ ಇಡೋದು. ಎಂಟು."

ದಫೇದಾರ ಎಣಿಸಿದ. ಮ್ಯಾಗಜಿನ್‌ನಲ್ಲಿ ಆರು, ಮೇಜಿನ ಮೇಲೆ ಒಂದು. ಎಂಟನೆಯದು ಇರಲಿಲ್ಲ.

"ಕದ್ದವನಿಗೆ ಇದನ್ನ ಮಾರೋ ಯೋಚನೆ ಇರಲಿಲ್ಲ. ಹೊಡೆಯೋಕೇ ತಯಾರಾಗಿದ್ದ" ಎಂದರು ಮೇಡಂ. "ಡಾಕ್ಟ್ರೇ, ಅದೃಷ್ಟಕ್ಕೆ ಇಲ್ಲಿ ಕೂತಿದೀರಿ."

ಹತ್ತು ಇಪ್ಪತ್ತಕ್ಕೆ ಎಫ್‌ಐಆರ್ ದಾಖಲಾಯಿತು: ಕಳ್ಳತನ, ಜೊತೆಗೆ ಶಸ್ತ್ರಾಸ್ತ್ರ ಕಾಯ್ದೆ. ಪಕ್ಕದ ಜೆರಾಕ್ಸ್ ಅಂಗಡಿಯಾತನೂ ಎದುರಿನ ಔಷಧದಂಗಡಿಯಾಕೆಯೂ ಸಾಕ್ಷಿಗೆ ಪಂಚರಾಗಿ ಬಂದು ನಿಂತರು. ಪಂಚನಾಮೆ ಬರೆಯುವ ಹೊತ್ತಿಗೆ ವೈದ್ಯರು ಟವೆಲ್ಲಿನ ತುದಿಯಿಂದ ತುಕ್ಕನ್ನು ಒರೆಸಲು ಹೋದರು. ದಫೇದಾರ ಅವರ ಕೈ ಹಿಡಿದೇಬಿಟ್ಟ.

"ಬೇಡ ಸಾರ್. ಈಗ ಬಾಯಿ ಬಿಡೋದು ಈ ತುಕ್ಕೊಂದೇ. ಪಿಸ್ತೂಲನ್ನ ದಿನಾ ಹೇಗೆ ನೋಡ್ಕೋತಿದ್ರಿ, ಅದನ್ನ ಹೇಳಿ."

"ಬಲಸೊಂಟಕ್ಕೆ ಕಟ್ಟೋದು. ಒಳಗೆ ಬನಿಯನ್ ಇರಲೇಬೇಕು, ಬರಿಮೈಗೆ ತಾಗಿಸಲ್ಲ. ಬಿಚ್ಚಿದ ತಕ್ಷಣ ಒಣಬಟ್ಟೆಯಲ್ಲಿ ಒರೆಸ್ತೀನಿ, ಆಮೇಲೆ ಎಣ್ಣೆ ಬಟ್ಟೆ ಒಂದು ಸಲ."

"ಎಷ್ಟು ಎಣ್ಣೆ?"

"ಬೆರಳಿಗೆ ಹತ್ತಿದ್ರೂ ಹತ್ತದ ಹಾಗೆ."

"ಚರ್ಮದ ಚೀಲದಲ್ಲೇ ಬಿಡ್ತೀರಾ?"

"ಛೇ, ಚರ್ಮ ಬೆವರು ಕುಡಿದು ಹಿಡಿದಿಟ್ಕೊಳ್ಳುತ್ತೆ. ಬೇರೆಯಾಗಿ ಇಡ್ತೀನಿ, ಪಕ್ಕದಲ್ಲಿ ತೇವ ಎಳೆಯೋ ಪೊಟ್ಟಣ."

ದಫೇದಾರನಿಗೆ ಆ ಮನುಷ್ಯನ ಮೇಲೆ ಥಟ್ಟನೆ ಗೌರವ ಹುಟ್ಟಿತು. ತನ್ನ ಠಾಣೆಯ ಹುಡುಗರಿಗೆ ಇಷ್ಟು ಕಲಿಸಲು ಅವನ ಗಂಟಲು ಹರಿದುಹೋಗಿತ್ತು. ಅವನು ಪಿಸ್ತೂಲನ್ನು ಕಿಟಕಿಯ ಬೆಳಕಿಗೆ ಹಿಡಿದ. ಎಡಮಗ್ಗುಲು ಕನ್ನಡಿಯಂತಿತ್ತು. ಬಲಮಗ್ಗುಲಿಗೆ ಮಾತ್ರ ಕಿತ್ತಳೆ ಬಣ್ಣದ ಎಳೆ ತುಕ್ಕು ತುದಿಯಿಂದ ಹಿಡಿಯವರೆಗೆ ಹಬ್ಬಿತ್ತು. ಒಂದೆರಡು ಕಡೆ ಸಣ್ಣ ಗುಳಿಯೂ ಬಿದ್ದಿತ್ತು.

"ಮೇಡಂ, ಬಲಸೊಂಟಕ್ಕೆ ಕಟ್ಟಿದ್ರೆ ಮೈಗೆ ತಾಗೋದು ಪಿಸ್ತೂಲಿನ ಎಡಮಗ್ಗುಲು. ಇದು ಬಲಮಗ್ಗುಲು ತಾಗಿಸ್ಕೊಂಡು ಕೂತಿತ್ತು. ಅಂದ್ರೆ ಎಡಸೊಂಟ. ಎಡಸೊಂಟಕ್ಕೆ ಯಾರು ಕಟ್ತಾರೆ?"

"ಎಡಚ."

"ಎಡಚ. ಬನಿಯನ್ನೂ ಇಲ್ಲದೆ ಬರಿಮೈಗೆ. ಒಂಬತ್ತು ದಿನಕ್ಕೆ ಗುಳಿ ಬೀಳಬೇಕಾದ್ರೆ ಅವನು ನೆರಳಲ್ಲಿ ಕೂತು ಕೆಲಸ ಮಾಡೋನಲ್ಲ. ಮೈಯಿಂದ ಬೆವರು ಧಾರೆಯಾಗಿ ಇಳೀತಿರಬೇಕು." ಅವನು ಭೂತಗನ್ನಡಿ ತಂದು ಗುರಿ ನೋಡುವ ಹಿಂಬದಿಯ ಕಿಂಡಿಯ ಸಂದಿ ನೋಡಿದ. "ಬಿಳಿ ಹತ್ತಿಯ ನೂಲು. ಗಂಜಿ ಹತ್ತಿ ಗಟ್ಟಿಯಾಗಿದೆ. ಬ್ಲೀಚಿಂಗ್ ಪುಡಿ ವಾಸನೆಯೂ ಇದೆ. ಅದು ಸೇರಿದ್ರೆ ತುಕ್ಕು ಕುದುರೆ ಏರಿ ಬರುತ್ತೆ."

ಮೇಡಂ ವೈದ್ಯರ ಕಡೆ ತಿರುಗಿದರು. "ನಿಮ್ಮ ಆಸ್ಪತ್ರೆ ಬಟ್ಟೆ ಎಲ್ಲಿ ಒಗೀತಾರೆ?"

"ಅಲ್ಲೇ, ನೆಲಮಾಳಿಗೆಯಲ್ಲಿ."

"ಡ್ರಾಯರ್ ಕೀ?"

"ಎರಡಿತ್ತು. ಅದ್ರಲ್ಲೊಂದು ತಿಂಗಳ ಹಿಂದೆ ಕಳೀತು. ಕೋಟಿನ ಜೇಬಲ್ಲಿ—" ವೈದ್ಯರು ಅಲ್ಲಿಗೇ ನಿಲ್ಲಿಸಿದರು. ಕೋಟು ವಾರಕ್ಕೆರಡು ಸಲ ಒಗೆಯಲು ಹೋಗುತ್ತಿತ್ತು.

ಸ್ಲೈಡಿನ ಹಿಂತುದಿಯಲ್ಲಿ ಇನ್ನೊಂದು ಗುರುತು ದಫೇದಾರನ ಕಣ್ಣಿಗೆ ಬಿತ್ತು: ಬೆವರಿದ ಹೆಬ್ಬೆರಳು ಒತ್ತಿದ ಕಡೆ ತುಕ್ಕೇ ಗೆರೆಗೆರೆಯಾಗಿ ಎದ್ದು, ಮುದ್ರೆಯಂತೆ ಕೂತಿತ್ತು. ಅದರ ಫೋಟೊ ತೆಗೆಸಿ, ಪಿಸ್ತೂಲನ್ನು ಮೊಹರು ಮಾಡಿ ಬೆರಳಚ್ಚು ವಿಭಾಗಕ್ಕೆ ಕಳಿಸಿದರು.

ಹೊರಡುವಾಗ ವೈದ್ಯರು ಮೆಲ್ಲಗೆ ಕೇಳಿದರು. "ಅದು ಮತ್ತೆ ಸರಿಯಾಗುತ್ತಾ?"

"ಕೋರ್ಟಿಂದ ಕೈಗೆ ಬಂದಮೇಲೆ ಎಣ್ಣೆ ಹಚ್ಚಿ ಒಂದು ದಿನ ನೆನೆಯೋಕೆ ಬಿಡಿ. ಹಿತ್ತಾಳೆಯ ಮೆತ್ತನೆ ಬ್ರಶ್ಶಿಂದ ಹಗೂರಕ್ಕೆ ಉಜ್ಜಿ. ಉಪ್ಪುಕಾಗದ ಮಾತ್ರ ಮುಟ್ಟಿಸಬೇಡಿ, ತುಕ್ಕಿನ ಜೊತೆ ಬಣ್ಣವೂ ಹೋಗುತ್ತೆ. ಗುಳಿ ಹೋಗಲ್ಲ ಸಾರ್. ಬೆಳೆಯದ ಹಾಗೆ ನೋಡ್ಕೋಬಹುದು, ಅಷ್ಟೇ."

ಹನ್ನೆರಡು ಹತ್ತಕ್ಕೆ ಮೇಡಂ, ದಫೇದಾರ ಮತ್ತು ಉದ್ದಣ್ಣನೆಂದು ಕರೆಸಿಕೊಳ್ಳುವ ಕಾನ್‌ಸ್ಟೆಬಲ್ ಆಸ್ಪತ್ರೆಯ ನೆಲಮಾಳಿಗೆಗೆ ಇಳಿದರು. ಮೆಟ್ಟಿಲ ಅರ್ಧಕ್ಕೇ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಒಗೆಯುವ ಯಂತ್ರಗಳು ಗುಡುಗುತ್ತಿದ್ದವು. ಹಬೆಯ ಇಸ್ತ್ರಿಗಳ ಮುಂದೆ ಐದಾರು ಗಂಡಸರು ಅಂಗಿ ಬಿಚ್ಚಿ, ಮೇಲೆ ಬರಿಯ ನಿಲುವಂಗಿ ತೊಟ್ಟು ನಿಂತಿದ್ದರು. ಉದ್ದಣ್ಣನ ಟೋಪಿ ತೊಲೆಗೆ ತಾಗಿ ಬಿತ್ತು.

ಮೇಲ್ವಿಚಾರಕಿ ದಪ್ಪ ಕನ್ನಡಕದ ಹೆಂಗಸು. ಕೈಯಲ್ಲಿ ಹಾಜರಿ ಪುಸ್ತಕ ಹಿಡಿದೇ ಬಂದಳು.

"ಇಲ್ಲಿ ಎಡಗೈಯಲ್ಲಿ ಕೆಲಸ ಮಾಡೋರು ಯಾರಮ್ಮಾ?"

"ಒಬ್ಬರೇ, ಎಡಗೈ ಭಾವ. ಅವರಿಗೋಸ್ಕರ ಇಸ್ತ್ರಿ ಮೇಜೇ ತಿರುಗಿಸಿ ಹಾಕಿದೀವಿ. ಯಾಕೆ ಮೇಡಂ? ಅವರು ಬಾಯಲ್ಲಿ ಬೆರಳಿಟ್ಟರೂ ಕಚ್ಚೋರಲ್ಲ."

"ಎಲ್ಲಿದಾರೆ?"

"ಡಾಕ್ಟರ್‌ಗಳ ಕೋಟು ಕೊಡೋಕೆ ಮೂರನೇ ಮಹಡಿಗೆ ಹೋದ್ರು. ದಿನಾ ಅವರೇ ಕೊಡೋದು."

ಮೇಡಂ ಉದ್ದಣ್ಣನನ್ನು ಲಿಫ್ಟಿನ ಬಾಗಿಲಲ್ಲಿ ನಿಲ್ಲಿಸಿ, ದಫೇದಾರನೊಂದಿಗೆ ಮೆಟ್ಟಿಲು ಹತ್ತಿದರು. ಮೂರನೆಯ ಮಹಡಿಯ ಓಣಿಯಲ್ಲಿ ನಲವತ್ತೈದರ ಆಸುಪಾಸಿನ ಸಣಕಲು ಮನುಷ್ಯ, ತಳ್ಳುಗಾಡಿಯಿಂದ ಒಂದೊಂದೇ ಕೋಟನ್ನು ಎಡಗೈಯಲ್ಲಿ ಎತ್ತಿ ಬಾಗಿಲುಗಳ ಕೊಕ್ಕೆಗೆ ಹಾಕುತ್ತಿದ್ದ. ಖಾಕಿ ಕಂಡು ಓಡಲಿಲ್ಲ. ಕೈಲಿದ್ದ ಕೋಟನ್ನು ಕೊಕ್ಕೆಗೆ ಹಾಕಿ, ಅದರ ಕಾಲರು ಸರಿಮಾಡಿದ.

"ಕೀ ಕೊಡಪ್ಪ" ಎಂದ ದಫೇದಾರ, ಪರಿಚಯದವನೊಡನೆ ಮಾತಾಡುವಂತೆ.

ಆತ ಜೇಬಿನಿಂದ ಸಣ್ಣ ಹಿತ್ತಾಳೆ ಕೀ ತೆಗೆದುಕೊಟ್ಟ.

"ನಿಲುವಂಗಿ ಸ್ವಲ್ಪ ಎತ್ತು." ಎಡಸೊಂಟದಲ್ಲಿ ಅಂಗೈಯಗಲ ಚರ್ಮ ಕೆಂಪಾಗಿ ಸುಲಿದಿತ್ತು. ಕಬ್ಬಿಣ ಉಜ್ಜಿ ಆದ ಗಾಯ.

"ಒಂದು ಗುಂಡು ಎಲ್ಲಿ?" ಎಂದರು ಮೇಡಂ.

"ಮೇಲಿಂದು ಎಳೆದು ನೋಡ್ದೆ. ಆಮೇಲೆ ಇನ್ನೊಂದ್ಸಲ ಎಳೆದೆ, ಪಕ್ಕಕ್ಕೆ ಹಾರ್ತು. ವಾಪಸ್ ಹಾಕೋಕೆ ಬರ್ಲಿಲ್ಲ. ಅಂಗಿ ಜೇಬಲ್ಲಿ ಇಟ್ಕೊಂಡೆ. ಮರೆತು ಒಗೆಯೋಕೆ ಹಾಕ್ಬಿಟ್ಟೆ."

ಒಂದೂ ಐದಕ್ಕೆ ಮೂರನೆಯ ಯಂತ್ರದ ಜಾಲರಿಯಲ್ಲಿ ಎರಡು ಗುಂಡಿ, ಒಂದು ಹೇರ್‌ಪಿನ್ನಿನ ನಡುವೆ ಗುಂಡು ಸಿಕ್ಕಿತು. ಎರಡು ಸಲ ಒಗೆದು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಪಂಚರ ಮುಂದೆ ಅದನ್ನು ಲಕೋಟೆಗೆ ಹಾಕಿದರು. ಒಂದೂವರೆಗೆ ಬಂಧನ. ಆತನ ಅಕ್ಕನಿಗೆ ಫೋನು ಮಾಡಿ ತಿಳಿಸಿದ್ದು ಉದ್ದಣ್ಣ. ಆಕೆ "ನಮ್ಮವನಾ?" ಎಂದು ಮೂರು ಸಲ ಕೇಳಿದಳು. ಆತನ ಬೆರಳಚ್ಚು ತೆಗೆದು ಕಳಿಸಿದ್ದಕ್ಕೆ ನಾಲ್ಕು ಗಂಟೆಗೆ ಬೆರಳಚ್ಚು ವಿಭಾಗದಿಂದಲೂ ಉತ್ತರ ಬಂತು: ತುಕ್ಕಿನ ಹೆಬ್ಬೆಟ್ಟು ಅವನದೇ.

ನಾಲ್ಕೂವರೆಗೆ ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳಲು ದಫೇದಾರನೇ ಕೂತ. ಆತನಿಗೆ ನೀರು ಕೊಟ್ಟರು. ಎರಡು ಲೋಟ ಕುಡಿದ.

"ಯಾಕೆ?" ಎಂದರು ಮೇಡಂ.

"ಎರಡು ತಿಂಗಳ ಹಿಂದೆ ನನ್ನ ಹೆಂಡತೀನ ಅದೇ ಆಸ್ಪತ್ರೆಗೆ ಸೇರಿಸಿದ್ದೆ."

"ಡಾಕ್ಟ್ರು ತಪ್ಪು ಮಾಡಿದ್ರಾ?"

"ಇಲ್ಲ. ಉಳಿಯೋದು ಕಷ್ಟ ಅಂತ ಮೊದಲೇ ಗೊತ್ತಿತ್ತು. ಅವರು ಆಪರೇಷನ್ ಮುಗಿಸಿ ಹೊರಗೆ ಬಂದ್ರು. ಕಿವೀಲಿ ಫೋನಿತ್ತು. ಯಾರ ಜೊತೆಗೋ ಮಾತಾಡ್ತಾ ಮಾತಾಡ್ತಾ ನನ್ನ ಕಡೆ ನೋಡಿ, ಹೀಗೆ ಕೈ ಆಡಿಸಿದ್ರು." ಆತ ಎಡಗೈ ಎತ್ತಿ ನೊಣ ಓಡಿಸುವಂತೆ ಒಮ್ಮೆ ಅಲ್ಲಾಡಿಸಿದ. "ಮುಗೀತು ಅಂತ. ಹೋಗ್ಬಿಟ್ರು. ಮನೇಲಿ ನನಗಿದ್ದವಳು ಅವಳೊಬ್ಬಳೇ. ವಾರ ಬಿಟ್ಟು ಕೆಲಸಕ್ಕೆ ಬಂದೆ. ಅವರ ಕೋಟು ನನ್ನ ಮೇಜಿಗೇ ಬರ್ತಿತ್ತು. ಎರಡು ತೋಳೂ ಪ್ರತಿ ಸಲ ನಾನೇ ಇಸ್ತ್ರಿ ಮಾಡ್ಬೇಕು."

ದಫೇದಾರ ಹಾಳೆಯಿಂದ ತಲೆಯೆತ್ತಿ ಕೇಳಿದ.

"ಒಂಬತ್ತು ದಿನ ಇಟ್ಕೊಂಡು ಓಡಾಡಿದೆಯಲ್ಲ. ಅವಕಾಶ ಸಿಗ್ಲಿಲ್ವಾ?"

"ಲಿಫ್ಟಲ್ಲಿ ನಾವಿಬ್ಬರೇ ಇದ್ವಿ, ಎರಡು ಸಲ. ಕೈ ಸೊಂಟಕ್ಕೆ ಹೋಯ್ತು. ಮತ್ತೆ ಹಿಂದಕ್ಕೆ ತಗೊಂಡೆ. ನಿನ್ನೆ ಮಧ್ಯಾಹ್ನ ಓಣೀಲಿ ಮಗನ ಆಪರೇಷನ್‌ಗೆ ಕಾಯ್ತಿದ್ದ ಮುದುಕಿಯೊಬ್ಬಳಿಗೂ ಹಾಗೇ ಕೈ ಆಡಿಸಿ ಹೋದ್ರು. ಆಕೆಗೆ ಅರ್ಥ ಆಗ್ಲಿಲ್ಲ. ನಗ್ತಾ ಕೂತಿದ್ಳು, ಒಳ್ಳೇ ಸುದ್ದಿ ಅಂದ್ಕೊಂಡು. ಅಲ್ಲಿ ಇನ್ಯಾರೂ ಇರಲಿಲ್ಲ."

"ಆಮೇಲೆ?"

"ಗಾಡಿ ಬಿಟ್ಟು ಆಕೆ ಪಕ್ಕ ಕೂತ್ಕೊಂಡೆ. ಕೈ ಹಿಡ್ಕೊಂಡು, ಅಮ್ಮಾ, ನಿಮ್ಮ ಮಗ ಹೋಗ್ಬಿಟ್ರು ಅಂದೆ. ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ಳು. ಸೊಂಟದಲ್ಲಿದ್ದದ್ದು ಆಕೆಗೆ ಒತ್ತುತ್ತಾ ಇತ್ತು. ಸಾಯಂಕಾಲ ವಾಪಸ್ ಇಟ್ಟೆ."

ಮುದುಕಿಯ ಸಂಗತಿ ಹೇಳಿಕೆಗೆ ಬೇಕೋ ಬೇಡವೋ ಎಂದು ದಫೇದಾರ ಮೇಡಂ ಮುಖ ನೋಡಿದ. ಅವರು ಕಿಟಕಿಯ ಕಡೆ ತಿರುಗಿಕೊಂಡೇ, "ಪೂರ್ತಿ ಬರೀರಿ" ಎಂದರು. ಅವನು ಹೊಸ ಹಾಳೆ ತೆಗೆದು, ಒಂದು ಮಾತೂ ಬಿಡದೆ ಬರೆದ. ಓದಿ ಹೇಳಿದಾಗ ಆತ ಎಲ್ಲವೂ ಸರಿಯಿದೆಯೆಂದು ತಲೆಯಾಡಿಸಿ, ಎಡಗೈಯಲ್ಲಿ ಸಹಿ ಹಾಕಿದ.