ಎಡಬದಿಯ ಲಿವರ್

ದಿನಾಂಕ 14, ಬುಧವಾರ, ಬೆಳಿಗ್ಗೆ 9.10. ಅರವತ್ತು ಕಲ್ಲಿದ್ದಲು ವ್ಯಾಗನ್‌ಗಳು ಕಳುವಾಗಿವೆ ಎಂದು ಹೆಂಗಸೊಬ್ಬಳು ಠಾಣೆಗೆ ಬಂದು ದೂರು ಹೇಳಿದಾಗ ರೈಟರ್ ಪೆನ್ನು ಕೆಳಗಿಟ್ಟು ಆಕೆಯ ಮುಖ ನೋಡಿದ.

"ಇಂಜಿನ್ ಉಳಿದಿದೆಯೋ, ಅದೂ ಹೋಯ್ತೋ?"

"ಇಂಜಿನ್ ಮುಟ್ಟೇ ಇಲ್ಲ ಸಾರ್. ಅದೇ ನಂಗೂ ತಲೆಗೆ ಹತ್ತುತ್ತಿಲ್ಲ," ಎಂದು ಆಕೆ ಚೀಲದಿಂದ ಒಂದು ರಟ್ಟಿನ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಬೆರಳುದ್ದದ ಹಲಗೆಗಳು, ನಾಲ್ಕು ಪುಟ್ಟ ಗಾಲಿಗಳು, ಸಾಸಿವೆಯಷ್ಟು ಚಿಕ್ಕ ತಿರುಪುಗಳು, ಒಂದು ಮಡಿಸಿದ ಕಾಗದ. ಹಳೆಯ ಕಾಲದ ಕಲ್ಲಿದ್ದಲು ವ್ಯಾಗನ್ನಿನ ಮಾದರಿ. ಕೊಂಡವರು ಮನೆಯಲ್ಲಿ ತಾವೇ ಜೋಡಿಸಿಕೊಳ್ಳಬೇಕಾದ ಕಿಟ್.

ರೈಟರ್ ನಗು ತಡೆದುಕೊಳ್ಳುತ್ತಿದ್ದುದನ್ನು ಇನ್ಸ್‌ಪೆಕ್ಟರ್ ತನ್ನ ಕೋಣೆಯ ಬಾಗಿಲಿನಿಂದಲೇ ನೋಡಿದಳು. ದೂರು ಕೊಡಲು ಬಂದವಳು ಆ ಪೆಟ್ಟಿಗೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದುದನ್ನೂ ನೋಡಿದಳು. ಹೊರಗೆ ಬಂದು ಕುರ್ಚಿ ಎಳೆದುಕೊಂಡು ಕೂತಳು.

"ನಿಧಾನಕ್ಕೆ ಹೇಳಿ. ಯಾವಾಗ ಗೊತ್ತಾಯ್ತು?"

"ಇವತ್ತು ಎಂಟು ಗಂಟೆಗೆ. ಗೋದಾಮು ತೆಗೆದಾಗ."

"ಅದಕ್ಕೆ ಮುಂಚೆ ತೆಗೆದದ್ದು?"

"ಶನಿವಾರ ಸಂಜೆ ಆರಕ್ಕೆ ಬೀಗ ಹಾಕಿದ್ದೆ. ಈ ಶನಿವಾರ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ ಇದೆ ಮೇಡಂ. ಅಲ್ಲಿಗೆ ಬರೋ ಅರವತ್ತು ಕುಟುಂಬಗಳು ಅಲ್ಲೇ ಕೂತು ಇದನ್ನ ಜೋಡಿಸ್ತಾರೆ. ನಮ್ಮ ಕಾರ್ಖಾನೆಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಇದು ತಪ್ಪಿದರೆ ನಾನೂ ನನ್ನ ನಾಲ್ಕು ಜನ ಹುಡುಗಿಯರೂ ಮನೇಲಿ ಕೂರಬೇಕು."

9.40ಕ್ಕೆ ಎಫ್‌ಐಆರ್ ದಾಖಲಾಯಿತು. ಇದನ್ನು ಯಾರೂ ದೂರು ಅಂತ ಬರೆದುಕೊಳ್ಳುವುದಿಲ್ಲ ಎಂದುಕೊಂಡೇ ಬಂದಿದ್ದೆ, ನಿಮ್ಮ ಉಪಕಾರ ಮರೆಯಲ್ಲ ಎಂದು ಆಕೆ ಎರಡು ಸಲ ಹೇಳಿದಳು.

ಸ್ಥಳ ಪಂಚನಾಮೆಗೆ ಇನ್ಸ್‌ಪೆಕ್ಟರ್ ಜೊತೆ ಹೊರಟವನು ಟೇಪು. ಆ ಪೇದೆಗೆ ಹೆಸರು ಬೇರೆಯೇ ಇತ್ತು. ಆದರೆ ಜೇಬಿನಲ್ಲಿ ಸದಾ ಅಳತೆಪಟ್ಟಿ ಇಟ್ಟುಕೊಂಡು, ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳೆಯುತ್ತಿದ್ದವನಿಗೆ ಠಾಣೆಯವರು ಈ ಹೆಸರಿಟ್ಟು ವರ್ಷಗಳೇ ಆಗಿದ್ದವು.

ಗೋದಾಮು ಕಾರ್ಖಾನೆಯ ಹಿಂದೆ, ಸಂದಿನ ಕಡೆಗಿತ್ತು. ನೆಲದ ಹಳಿಯ ಮೇಲೆ ಜಾರುವ ಭಾರಿ ಕಬ್ಬಿಣದ ಬಾಗಿಲು. ಬೀಗ ಒಡೆದಿರಲಿಲ್ಲ, ಗೀರು ಕೂಡ ಬಿದ್ದಿರಲಿಲ್ಲ. ಬೀಗದ ಕೈ ಒಂದೇ, ಅದು ಮಾಲೀಕಳ ಸೊಂಟದಲ್ಲಿ. ಒಳಗೆ ಕಪಾಟಿನಲ್ಲಿ ಉಗಿ ಇಂಜಿನ್ನಿನ ಕಿಟ್‌ಗಳು, ಬೋಗಿಗಳ ಕಿಟ್‌ಗಳು ಇಟ್ಟಂತೆಯೇ ಇದ್ದವು. ಖಾಲಿಯಾಗಿದ್ದು ಒಂದೇ ಅಂಕಣ.

ಟೇಪು ಹೊಟ್ಟೆ ಅಡಿಯಾಗಿ ಮಲಗಿ ಬಾಗಿಲ ಬುಡ ನೋಡಿದ.

"ಮೇಡಂ, ಬೀಗಕ್ಕೆ ಕೈಯೇ ಹಾಕಿಲ್ಲ ಇವನು. ಕೆಳಗೆ ಹಾರೆ ಕೊಟ್ಟು ಬಾಗಿಲನ್ನೇ ಹಳಿಯಿಂದ ಎತ್ತಿದ್ದಾನೆ. ಇಲ್ಲಿ ನೋಡಿ, ಹಾರೆಗೆ ಆಸರೆ ಕೊಟ್ಟ ಮರದ ತುಂಡಿನ ಗುರುತು. ಕೆಲಸ ಮುಗಿದ ಮೇಲೆ ಮತ್ತೆ ಹಳಿ ಮೇಲೆ ಕೂರಿಸಿ ಹೋಗಿದ್ದಾನೆ. ಎಷ್ಟು ಮರ್ಯಾದಸ್ಥ ನೋಡಿ."

ಸಂದಿನ ಧೂಳಿನಲ್ಲಿ ಎರಡು ಸಣ್ಣ ಗಾಲಿಯ ಗೆರೆಗಳು ಬೀದಿಯವರೆಗೆ ಹೋಗಿದ್ದವು. ಅವುಗಳ ನಡುವಿನ ಅಂತರ ಐವತ್ತೆಂಟು ಸೆಂಟಿಮೀಟರ್. ಕೈಗಾಡಿಗೆ ಅದು ಕಡಿಮೆ, ಸೈಕಲ್ಲಿಗೆ ಎರಡು ಗೆರೆ ಬೀಳುವುದಿಲ್ಲ. ಟೇಪು ಬರೆದುಕೊಂಡ. ಇವನು ಜೊತೆಗಿರುವುದು ತನ್ನ ಪುಣ್ಯ ಎಂದು ಇನ್ಸ್‌ಪೆಕ್ಟರಿಗೆ ಆಗಾಗ ಅನ್ನಿಸುತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ.

"ಈ ವ್ಯಾಗನ್ ಕಿಟ್ಟಿನ ಬಗ್ಗೆ ಯಾರಾದರೂ ಜಗಳ ತೆಗೆದಿದ್ರಾ?" ಎಂದು ಮಾಲೀಕಳನ್ನು ಕೇಳಿದಳು.

"ಜಗಳ ಅಲ್ಲ. ಕಾಗದ ಬರ್ತಿತ್ತು."

ಹನ್ನೊಂದು ಕಾಗದಗಳು, ಎಲ್ಲವೂ ಒಂದೇ ದಪ್ಪಕ್ಷರ. ಪ್ರತಿಯೊಂದರಲ್ಲೂ ಒಂದೇ ಬೇಡಿಕೆ: ನಿಮ್ಮ ಕಿಟ್ಟಿನಲ್ಲಿ ಬ್ರೇಕ್ ಲಿವರ್ ಬಲಬದಿಗೆ ಮಾತ್ರ ಇದೆ, ದಯವಿಟ್ಟು ಎಡಬದಿಗೂ ಒಂದನ್ನು ಕೊಡಿ. ಕೆಳಗೆ 'ನಿವೃತ್ತ ಶಂಟರ್' ಎಂದಷ್ಟೇ ಇತ್ತು, ವಿಳಾಸವಿರಲಿಲ್ಲ.

"ಶಂಟರ್ ಅಂದ್ರೆ?"

"ಯಾರ್ಡಿನಲ್ಲಿ ವ್ಯಾಗನ್‌ಗಳನ್ನ ಹಳಿ ಬದಲಿಸಿ ಜೋಡಿಸೋರು. ನಾವು ರೈಲ್ವೆಯ ಮೂಲ ನಕ್ಷೆ ನೋಡಿ ಮಾಡ್ತೀವಿ ಮೇಡಂ. ನಕ್ಷೆಯಲ್ಲಿ ಲಿವರ್ ಒಂದೇ. ಸಂಗ್ರಹಾಲಯದಲ್ಲಿ ನಿಲ್ಲಿಸಿರೋ ವ್ಯಾಗನ್ನಿಗೂ ಒಂದೇ. ಅದನ್ನೇ ಒಂದು ಸಲ ನಮ್ಮ ಸೂಚನಾಫಲಕದಲ್ಲಿ ಬರೆದು ಅಂಟಿಸಿದ್ದೆ. ಆಮೇಲೂ ಕಾಗದ ಬಂತು."

ಮಧ್ಯಾಹ್ನ 12.15. ಸಂದಿನ ತುದಿಯ ಬ್ರೆಡ್ ಅಂಗಡಿಯವನು ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚುವವನು.

"ಶನಿವಾರ ರಾತ್ರಿಯಿಂದ ಈಚೆಗೆ ಈ ಕಡೆ ಯಾರಾದರೂ ಓಡಾಡಿದ್ರಾ?"

"ಯಾರೂ ಇಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಶಂಟರಜ್ಜ ಮಾತ್ರ ಅಜ್ಜಿಯನ್ನ ಗಾಲಿಕುರ್ಚಿಯಲ್ಲಿ ತಳ್ಕೊಂಡು ಗಾಳಿಗೆ ಹೋಗ್ತಿದ್ರು. ಐದೂವರೆಗೆ ಒಂದ್ಸಲ, ಆರಕ್ಕೆ ಇನ್ನೊಂದ್ಸಲ."

"ಎರಡು ಸಲ?"

"ಹೌದು. ಅಜ್ಜಿಗೆ ಮುಸುಕು ಹಾಕಿ ಕಂಬಳಿ ಹೊದಿಸಿದ್ರು. ನಾನು ಚೆನ್ನಾಗಿದ್ದೀರಾ ಅಜ್ಜಿ ಅಂದೆ. ತುಟಿ ಪಿಟಿಕ್ಕೆನ್ನಲಿಲ್ಲ. ಆ ಅಜ್ಜಿ ಮಾತಾಡದೆ ನನ್ನ ಅಂಗಡಿ ದಾಟಿದ್ದು ಅದೇ ಮೊದಲು. ಮೈ ಹುಷಾರಿಲ್ಲವೇನೋ ಅಂದ್ಕೊಂಡೆ."

ಟೇಪು ಕೆಮ್ಮಿ ಬೇರೆ ಕಡೆ ನೋಡಿದ.

ಅದೇ ಬೀದಿಯ ಕೊನೆಯಲ್ಲಿದ್ದ ಶಂಟರಜ್ಜನ ಮನೆಗೆ ಬೀಗ ಹಾಕಿತ್ತು. ಅಜ್ಜಿಯನ್ನು ಎರಡು ದಿನದ ಚಿಕಿತ್ಸೆಗೆ ಆಸ್ಪತ್ರೆಗೆ ಕರೆದೊಯ್ದಿದ್ದಾರೆ, ನಾಳೆ ಮಧ್ಯಾಹ್ನ ಬರುತ್ತಾರೆ ಎಂದು ಪಕ್ಕದ ಮನೆಯವರು ತಿಳಿಸಿದರು.

ದಿನಾಂಕ 15, ಗುರುವಾರ, ಮಧ್ಯಾಹ್ನ 3.30. ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಅಜ್ಜಿ, ಸಮವಸ್ತ್ರ ಕಂಡು ಹೆದರುವ ಬದಲು ಮುಖ ಅರಳಿಸಿದಳು. ಅವಳ ಮಡಿಲಿನ ತಟ್ಟೆಯಲ್ಲಿ ತುಂಡು ಮಾಡಿದ ಹಿತ್ತಾಳೆ ತಂತಿ, ಕೈಯಲ್ಲಿ ಚಿಮ್ಮಟ. ಕಿಟಕಿಯ ಬಳಿಯ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಗಳ ಗೋಪುರ. ಅದರಾಚೆ ಭೂತಗನ್ನಡಿಯ ಮೇಲೆ ಬಾಗಿದ್ದ ಮುದುಕ ತಲೆಯೆತ್ತಿ ನೋಡಿ, ಮೆಲ್ಲಗೆ ಉಪಕರಣ ಕೆಳಗಿಟ್ಟ.

"ಕಾರ್ಖಾನೆಯಮ್ಮ ಕಳಿಸಿದ್ರಾ? ಕಾವಲಿಗೆ ಪೊಲೀಸರನ್ನೂ ಕಳಿಸ್ತಾರಾ ಈಗ?" ಎಂದಳು ಅಜ್ಜಿ. "ಕೂತ್ಕೊಳ್ಳಿ ತಾಯಿ. ಆ ಹೆಣ್ಣುಮಗಳಿಗೆ ನನ್ನ ಕಡೆಯಿಂದ ಹೇಳಿ, ಅವಳ ಹೊಟ್ಟೆ ತಣ್ಣಗಿರಲಿ. ಇವರು ಕಾಗದ ಬರೆದೂ ಬರೆದೂ ಸೋತಿದ್ರು. ಕೊನೆಗೆ ನೀವೇ ಹಾಕಿಕೊಡಿ ಅಂತ ಎಲ್ಲಾ ಪೆಟ್ಟಿಗೆ ಮನೆಗೇ ಕೊಟ್ಟು ಕಳಿಸಿದ್ದಾಳಲ್ಲ, ಅದು ದೊಡ್ಡ ಮನಸ್ಸು. ಹಿಡಿಕೆ ಬಗ್ಗಿಸೋದು ನಾನೇ. ನೋಡಿ."

ಇನ್ಸ್‌ಪೆಕ್ಟರ್ ಅದನ್ನು ಅಂಗೈಯಲ್ಲಿ ಹಿಡಿದಳು. ಅಕ್ಕಿಕಾಳಿನಷ್ಟು ಉದ್ದದ ಲಿವರ್, ತುದಿಯಲ್ಲಿ ಹಿಡಿಕೆಯ ಬಾಗು. ಹದಿನೆಂಟು ವರ್ಷದ ನೌಕರಿಯಲ್ಲಿ ಎಂತೆಂಥ ಮನೆಗಳಿಗೆ ನುಗ್ಗಿದ್ದಳು. ಬೈಗುಳ ತಿಂದಿದ್ದಳು, ಏಟು ತಿಂದಿದ್ದಳು. ಹೀಗೆ ಆಶೀರ್ವಾದ ತಿಂದದ್ದು ಇದೇ ಮೊದಲು. ಅವಳು ಮುದುಕನ ಕಡೆ ನೋಡಿದಳು. ಮುದುಕ ಎದ್ದು ಬಂದು ಹೆಂಡತಿಯ ಕುರ್ಚಿಯ ಎದುರು ಮೊಣಕಾಲೂರಿ ಕೂತ.

"ಅವರು ಕೊಟ್ಟದ್ದಲ್ಲ ಕಣೇ. ನಾನೇ ತಂದದ್ದು. ಬಾಗಿಲು ಎತ್ತಿ ತಂದೆ."

ಅಜ್ಜಿ ಚಿಮ್ಮಟ ಕೆಳಗಿಟ್ಟಳು.

"ನನ್ನ ಕುರ್ಚಿಯಲ್ಲಾ?" ಎಂದು ಕೇಳಿದಳು.

"ನೀನು ಮಲಗಿದ್ದೆ."

"ಈ ವಯಸ್ಸಿಗೆ ನನ್ನ ಕುರ್ಚೀನ ಕಳ್ಳನ ಗಾಡಿ ಮಾಡಿದ್ರಲ್ರೀ," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಟೇಪು ಕುರ್ಚಿಯ ಗಾಲಿಗಳ ಅಂತರವನ್ನು ಅಳೆದ. ಐವತ್ತೆಂಟು. ಅದನ್ನು ಬಾಯಿಬಿಟ್ಟು ಹೇಳದೆ ಪಂಚನಾಮೆಯಲ್ಲಿ ಬರೆದ. ಪೆಟ್ಟಿಗೆಗಳನ್ನು ಎಣಿಸಿದರೆ ಅರವತ್ತೂ ಇದ್ದವು. ನಲವತ್ತೊಂದಕ್ಕೆ ಎಡಬದಿಯ ಲಿವರ್ ಸೇರಿತ್ತು.

"ಇನ್ನು ಹತ್ತೊಂಬತ್ತು ಮೇಡಂ. ನಾಳೆ ಬೆಳಕು ಹರಿಯೋದ್ರೊಳಗೆ ಎಲ್ಲಾ ಮೊದಲಿನ ಜಾಗದಲ್ಲೇ ಇಟ್ಟು ಬರ್ತಿದ್ದೆ."

"ಆಗಲ್ಲ ಅಜ್ಜ."

"ಗೊತ್ತು. ಕೇಳಿ ನೋಡಿದೆ ಅಷ್ಟೇ."

4.20ಕ್ಕೆ ಬಂಧನವಾಯಿತು. ಅಜ್ಜಿಯ ಜೊತೆಗೆ ಪಕ್ಕದ ಮನೆಯವರನ್ನು ಕೂರಿಸಿದ ಮೇಲೆಯೇ ಇನ್ಸ್‌ಪೆಕ್ಟರ್ ಜೀಪು ಹತ್ತಿದಳು. ಠಾಣೆಯಲ್ಲಿ 5.30ರಿಂದ ಹೇಳಿಕೆ.

"ಲಿವರ್ ಯಾಕೆ ಬೇಕಿತ್ತು?"

"ಆಗ ವ್ಯಾಗನ್ನಿಗೆ ಬ್ರೇಕು ಒಂದೇ ಬದಿಗೆ. ಇನ್ನೊಂದು ಬದಿಯಲ್ಲಿ ಇರೋನು, ಗಾಡಿ ಉರುಳಲಿಕ್ಕೆ ಶುರುವಾದ್ರೆ, ಎರಡು ವ್ಯಾಗನ್ ನಡುವೆ ನುಸುಳಿ ಆಚೆ ಹೋಗಿ ಬ್ರೇಕು ಎಳೀಬೇಕು. ಹಾಗೆ ನುಸುಳೋಕೆ ಹೋಗಿ ನಮ್ಮ ಯಾರ್ಡಿನಲ್ಲೇ ಇಬ್ಬರು ಸತ್ರು. ಅಲ್ಲಿ ಕಮ್ಮಾರಿಕೆ ಮಾಡ್ತಿದ್ದೋರನ್ನ ಕುಲುಮೆಯಣ್ಣ ಅಂತಿದ್ವಿ. ಮೂರು ಸಲ ಅರ್ಜಿ ಬರೆದ್ರು, ಎಡಕ್ಕೂ ಬ್ರೇಕು ಕೊಡಿ ಅಂತ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಒಂದಿನ ಊಟದ ಹೊತ್ತಲ್ಲಿ ಗುಜರಿ ಕಬ್ಬಿಣ ಬಡಿದು ಒಂದು ವ್ಯಾಗನ್ನಿಗೆ ತಾವೇ ಹಾಕಿಬಿಟ್ರು."

"ಆಮೇಲೆ?"

"ಅಪ್ಪಣೆ ಇಲ್ಲದೆ ಇಲಾಖೆ ಸ್ವತ್ತಿಗೆ ಕೈ ಹಾಕಿದ್ರು ಅಂತ ಅಮಾನತು. ಅದು ಆದ ಹತ್ತನೇ ದಿನ, ಮಂಜು ಕವಿದಿತ್ತು. ಹಳಿ ಕೂಡೋ ಕಡೆ ನನ್ನ ಕಾಲು ಸಿಕ್ಕಿಕೊಂಡಿತ್ತು. ಅದೇ ವ್ಯಾಗನ್, ಕಲ್ಲಿದ್ದಲು ತುಂಬಿದ್ದು, ನನ್ನ ಕಡೆಗೇ ಉರುಳಿ ಬಂತು. ಜೊತೆಗಾರ ಎಡಗಡೆ ಇದ್ದ. ಎಡಗಡೆಯ ಲಿವರ್ ಎಳೆದ. ನಾಲ್ಕು ಅಡಿ ದೂರದಲ್ಲಿ ನಿಂತಿತು ಮೇಡಂ. ನನಗೆ ಆಗ ಇಪ್ಪತ್ತಮೂರು. ಮದುವೆಯಾಗಿ ತಿಂಗಳಾಗಿತ್ತು."

"ಕುಲುಮೆಯಣ್ಣನಿಗೆ ಹೇಳಿದ್ರಾ?"

ಮುದುಕ ಇಲ್ಲವೆಂದು ತಲೆಯಾಡಿಸಿದ. "ಹೋಗೋಣ ಅಂದ್ಕೊಂಡೆ. ಬರಿಗೈಲಿ ಹೋಗಿ ಏನು ಹೇಳಲಿ, ಏನಾದರೂ ತಗೊಂಡು ಹೋಗೋಣ ಅಂತ ದಿನ ದೂಡಿದೆ. ಅಷ್ಟರಲ್ಲಿ ಅವರನ್ನ ದೂರದ ಯಾರ್ಡಿಗೆ ಎತ್ತಿ ಹಾಕಿದ್ರು. ತೀರಿಕೊಂಡ ಸುದ್ದಿ ಬಂದಾಗಲೇ ಗೊತ್ತಾಗಿದ್ದು, ನಾನು ಹೇಳೇ ಇಲ್ಲ ಅಂತ. ಈಗ ಆ ವ್ಯಾಗನ್ನನ್ನೇ ಸಂಗ್ರಹಾಲಯದಲ್ಲಿ ನಿಲ್ಲಿಸಿದ್ದಾರೆ. ನಕ್ಷೆ ನೋಡಿ, ನಕ್ಷೆಯಲ್ಲಿ ಇಲ್ಲ ಅಂತ ಆ ಲಿವರ್ ಕಿತ್ತಿದ್ದಾರೆ. ಕಿಟ್ಟಿನ ಮೇಲೂ ಅದೇ ವ್ಯಾಗನ್ ನಂಬರು. ಅರವತ್ತು ಮನೆಗೆ ಅದು ಹೋಗುತ್ತೆ. ಒಂದರಲ್ಲೂ ಕುಲುಮೆಯಣ್ಣನ ಕೈ ಇರಲ್ಲ."

ಹೇಳಿಕೆಯ ನಿಜ ತಿಳಿಯಲು ಇನ್ಸ್‌ಪೆಕ್ಟರ್ ಅಂದೇ ಸಂಜೆ ರೈಲ್ವೆಯ ದಾಖಲೆ ಕಚೇರಿಗೆ ಫೋನು ಮಾಡಿದಳು. ಮನೆಗೆ ಹೊರಟಿದ್ದ ಗುಮಾಸ್ತ ಚಪ್ಪಲಿ ಬಿಚ್ಚಿ ಮತ್ತೆ ಕೂತು ಹಳೆಯ ಕಡತ ಹುಡುಕಿ ಕೊಟ್ಟ. ಅಮಾನತಿನ ಆದೇಶ ಸಿಕ್ಕಿತು, ಮೂರು ಅರ್ಜಿಗಳೂ ಸಿಕ್ಕವು. ಕುಟುಂಬದ ಕಾಲಂನಲ್ಲಿ ಒಬ್ಬಳೇ ಮಗಳು, ಹೊಲಿಗೆ ಕೆಲಸ, ಎರಡು ಗಂಟೆ ದಾರಿಯ ಊರು. ಅವಳಿಗೆ ಫೋನು ಮಾಡಿ ವಿಷಯ ತಿಳಿಸಿದವನು ಟೇಪು.

ದಿನಾಂಕ 16, ಶುಕ್ರವಾರ, ಬೆಳಿಗ್ಗೆ 10.45. ವಶಪಡಿಸಿಕೊಂಡ ಮಾಲು ನ್ಯಾಯಾಲಯದ ಅಪ್ಪಣೆಯಿಲ್ಲದೆ ಹಿಂದಿರುಗಿಸುವಂತಿಲ್ಲ. ಇನ್ಸ್‌ಪೆಕ್ಟರ್ ಅರವತ್ತು ಪೆಟ್ಟಿಗೆಗಳ ಫೋಟೊ ಹಚ್ಚಿದ ವರದಿಯೊಂದಿಗೆ ತಾನೇ ಹೋಗಿ ನಿಂತು, ಮಾಲನ್ನು ಮಾಲೀಕಳ ಸುಪರ್ದಿಗೆ ಕೊಡುವ ಆದೇಶ ಪಡೆದಳು. ಮಾಲೀಕಳು ನ್ಯಾಯಾಲಯದ ಜಗಲಿಯಲ್ಲೇ ಒಂದು ಪೆಟ್ಟಿಗೆ ತೆರೆದು ಲಿವರನ್ನು ಬೆಳಕಿಗೆ ಹಿಡಿದು ನೋಡಿದಳು.

"ನನ್ನ ಹುಡುಗಿಯರಿಗೆ ಇಷ್ಟು ನಾಜೂಕು ಬರಲ್ಲ," ಎಂದಳು. ಬೇಸರವೂ ಇತ್ತು, ಮೆಚ್ಚುಗೆಯೂ ಇತ್ತು. "ಕೇಳಿದ್ದರೆ ಕೊಡ್ತಿದ್ದೆ ಅಂತ ಹೇಳೋಕೂ ಬಾಯಿಲ್ಲ ನಂಗೆ. ಹನ್ನೊಂದು ಸಲ ಕೇಳಿದ್ದಾರೆ. ಅಜ್ಜಿ ಮನೇಲೇ ಇದ್ದಾರಲ್ವಾ ಮೇಡಂ? ಉಳಿದ ಹತ್ತೊಂಬತ್ತಕ್ಕೆ ಹಿಡಿಕೆ ಹೇಗೆ ಬಗ್ಗಿಸೋದು ಅಂತ ಕೇಳ್ಕೊಂಡು ಬರ್ತೀನಿ. ನಾಳೆ ಹತ್ತು ಗಂಟೆಯೊಳಗೆ ಆಗಬೇಕು."

ಜಾಮೀನು ಅರ್ಜಿಗೆ ಆಕೆ ತಕರಾರು ಮಾಡಲಿಲ್ಲ. ಜಾಮೀನು ನಿಲ್ಲುವವರು ಯಾರು ಎಂದು ನ್ಯಾಯಾಲಯದ ಗುಮಾಸ್ತ ಕೂಗಿದಾಗ ಹಿಂದಿನ ಬೆಂಚಿನಿಂದ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಎದ್ದು ಬಂದಳು.

"ಆರೋಪಿಗೆ ನೀವು ಏನಾಗಬೇಕು?"

"ಏನೂ ಆಗಬೇಕಿಲ್ಲ. ಇವತ್ತೇ ನೋಡ್ತಿರೋದು. ಯಾರ್ಡಿನ ಕುಲುಮೆಯವರ ಮಗಳು ನಾನು."

ಮುದುಕ ತಿರುಗಿ ನೋಡಿದ. ಕೈ ಮುಗಿಯಲು ಹೋದ, ಮುಗಿಯಲಾಗಲಿಲ್ಲ, ಕಟಕಟೆ ಹಿಡಿದುಕೊಂಡ. ಆಕೆ ಸಹಿ ಹಾಕಿ ಅವನ ಪಕ್ಕಕ್ಕೆ ಬಂದಳು. ನಡುವೆ ನಿಂತಿದ್ದ ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಸರಿದಳು.

"ಅಮಾನತಿನಲ್ಲಿ ಮನೇಲಿ ಕೂತಿದ್ದೋರು ಅಪ್ಪ. ವಾಪಸ್ಸು ಕರೆದಾಗ ಬೇರೆ ಊರಿಗೆ ಹಾಕಿದ್ರು," ಎಂದಳು ಆಕೆ. "ಆ ಲಿವರ್ ಹಾಕಿದ ದಿನವೇ ಕಿತ್ತರೋ, ಇಟ್ಟರೋ, ಏನೂ ಗೊತ್ತಾಗಲಿಲ್ಲ ಅವರಿಗೆ. ಸಾಯೋ ತನಕ ಅದೊಂದೇ ಕೇಳ್ತಿದ್ರು. ಯಾರಾದರೂ ಒಬ್ಬರಾದರೂ ಅದನ್ನ ಎಳೆದ್ರೋ ಇಲ್ಲವೋ ಅಂತ."

"ಎಳೆದ್ರಮ್ಮ," ಎಂದ ಮುದುಕ. "ಎಳೆದದ್ದಕ್ಕೇ ನಾನು ಇಲ್ಲಿ ನಿಂತಿದ್ದೀನಿ."