ಕೆನ್ನೆಯ ಮೇಲಿನ ಕಪ್ಪು ಮಣಿ

"ಷಡಕ್ಷರಿ ಅಂದ್ರೆ ನೀವೇನಾ?"

ಕೊಪ್ಪದ ಬಸ್ ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ರಿಪೇರಿ ಅಂಗಡಿ. ತಲೆ ತಗ್ಗಿಸಿ ಕೂತಿದ್ದವನು ಮುಖ ಎತ್ತಿದ. ಎದುರಿಗೆ ನಿಂತವಳ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

"ಹೌದು. ನೀವು... ಕುಸುಮಾ ಅವ್ರಾ?"

ಧ್ವನಿಯಿಂದಲೇ ಗುರುತು ಹಿಡಿದಿದ್ದ. ಏಕೆಂದರೆ ಇಬ್ಬರೂ ಮುಖ ನೋಡಿದ್ದು ಇವತ್ತೇ ಮೊದಲು!

ಹಳೆಯ ಕಾಲದ ಕಂಪ್ಯೂಟರ್ ಪರದೆಯ ಪುಟ್ಟ ಚಿತ್ರಗಳೆಂದರೆ ಷಡಕ್ಷರಿಗೆ ಹುಚ್ಚು. ಕಸದ ಬುಟ್ಟಿ, ಕೈಗಡಿಯಾರ, ನಗುವ ಕಂಪ್ಯೂಟರ್... ಅವನ್ನು ಚೌಕುಳಿ ಹಾಳೆಯಲ್ಲಿ ಬಿಡಿಸಿ ಬಸ್ಸಿನಲ್ಲಿ ಸೀತೂರಿನ ಕುಸುಮಾಗೆ ಕಳಿಸುತ್ತಿದ್ದ. ಒಂದು ಚೌಕಕ್ಕೆ ಒಂದು ಮಣಿಯಂತೆ ಅವಳು ಪೋಣಿಸಿ, ಗೋಡೆಯ ಪಟವನ್ನೋ ಲೋಟದ ಅಡಿಗೆ ಇಡುವ ಮ್ಯಾಟನ್ನೋ ಮಾಡಿ ಅದೇ ಬಸ್ಸಿಗೆ ಕೊಡುತ್ತಿದ್ದಳು. ಹುಡುಕಿಕೊಂಡು ಬಂದು ಕೊಳ್ಳುವವರು ಊರೂರಲ್ಲಿ ಇದ್ದರು.

ಗೊತ್ತಿರುವ ಬಣ್ಣವನ್ನೂ ಅವಳು ಫೋನ್ ಮಾಡಿ ಕೇಳುತ್ತಿದ್ದಳು. ಯಾಕೆ ಅಂತ ನಾನು ಬೇರೆ ಹೇಳಬೇಕೇ?

ಆದರೆ ಇವತ್ತು ಬೆಳಿಗ್ಗೆ ಅವನು ಒಂದು ಫೋಟೋ ಕಳಿಸಿದ್ದ. ಮೈಸೂರಿನ ಪ್ರದರ್ಶನಕ್ಕೆ ಹೋಗಬೇಕಾದ, ಅವಳು ಪೋಣಿಸಿದ ನಗುವ ಕಂಪ್ಯೂಟರಿನ ಪಟ. ಕೆಳಗೆ, 'ಒಂದು ತಪ್ಪಿತ್ತು, ಸರಿ ಮಾಡಿದೀನಿ.'

ಕುಸುಮಾ ಸಿಕ್ಕಿದ ಬಸ್ಸು ಹತ್ತಿದ್ದಳು.

"ಎಂತ ತಪ್ಪು ಮಾರಾಯ್ರೆ ಅದ್ರಲ್ಲಿ?"

"ಕೆನ್ನೆ ಹತ್ರ ಒಂದು ಕಪ್ಪು ಮಣಿ ಬಂದಿತ್ತು. ಪರದೆ ಕೆಟ್ರೆ ಹಂಗೇ ಒಂದು ಚುಕ್ಕೆ ಸತ್ತು ಕಪ್ಪಾಗತ್ತೆ. ಅದಕ್ಕೇ ಬಿಚ್ಚಿ ಬಿಳಿ ಮಣಿ..."

"ಅದು ದೃಷ್ಟಿಬೊಟ್ಟು!"

ಷಡಕ್ಷರಿ ಮೇಜಿನ ಮೇಲಿದ್ದ ಪಟವನ್ನು ಹತ್ತಿರ ಎಳೆದುಕೊಂಡು ಆ ಕೆನ್ನೆಯನ್ನು ನೋಡಿದ.

"ನಮ್ಮನೇಲಿ ಮಣಿ ಕೆಲಸ ಎಂತದ್ದೇ ಹೊರಗೆ ಹೋಗ್ಲಿ, ಒಂದು ಕಪ್ಪು ಮಣಿ ಇಟ್ಟೇ ಕಳ್ಸೋದು. ಅಷ್ಟು ಚಂದ ನಗ್ತಿತ್ತು, ಮಗು ಹಂಗೆ. ಅಷ್ಟು ಜನ ನೋಡ್ತಾರೆ ಅಂತ ಕೆನ್ನೆಗೇ ಇಟ್ಟಿದ್ದೆ. ನೀವು ನನ್ನ ಕೈಯೇ ಸರಿ ಇಲ್ಲ ಅಂದ್ಕೊಂಡ್ರಿ. ಒಂದು ಮಾತು ಕೇಳೋಕೆ ಫೋನ್ ಇರ್ಲಿಲ್ವಾ?"

'ಇವನೊಬ್ಬನಾದರೂ ನನ್ನ ಕೆಲಸ ಬಲ್ಲ ಅಂದುಕೊಂಡಿದ್ದೆನಲ್ಲ...' ಅವಳ ಕಣ್ಣು ತುಂಬಿತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

"ಕೇಳ್ಬೇಕಿತ್ತು," ಎಂದ ಅವನು ಮೆಲ್ಲಗೆ. "ನೋಡಿದವ್ರು ನಿಮ್ಮ ಕೈ ಬಗ್ಗೆ ಒಂದು ಮಾತು ಆಡಬಾರ್ದು ಅಂತ... ನಂಗೆ ಸೂಜಿ ಹಿಡಿಯೋಕೂ ಬರಲ್ಲ." ಅವನ ಬೆರಳ ತುದಿಯಲ್ಲೆಲ್ಲ ಸೂಜಿ ಚುಚ್ಚಿದ ಗುರುತಿತ್ತು.

"ಚುಚ್ಕೊಳ್ಳಿ. ಇನ್ಮೇಲೆ ನಿಮಗೆ ಒಂದು ಮಣಿನೂ ಪೋಣಿಸಲ್ಲ ನಾನು."

ಹೊರಡಲು ತಿರುಗಿದವಳ ಕಾಲು ನಿಂತಿತು. ಗೋಡೆಯ ಮೇಲೆ ಅವಳ ಮೊದಲ ಪಟ, ಕೈಗಡಿಯಾರ!

"ಇದು ಮಾರಾಟ ಆಯ್ತು ಅಂದಿದ್ರಿ. ಸುಳ್ಳು ಬೇರೆ ಹೇಳ್ತೀರಾ?"

"ಸುಳ್ಳಲ್ಲ. ನಾನೇ ತಗೊಂಡೆ."

"ಯಾಕೆ?"

"ಕಂಪ್ಯೂಟರ್ ಆ ಗಡಿಯಾರ ತೋರ್ಸೋದು, 'ಸ್ವಲ್ಪ ಕಾಯಿರಿ' ಅನ್ನೋಕೆ." ಅವನು ತಲೆ ತಗ್ಗಿಸಿದ. "ದಿನಾ ಅದನ್ನ ನೋಡ್ಕೊಂಡು ಬಸ್ಸು ಕಾಯ್ತಿದ್ದೆ. ಮಣಿ ಪಾರ್ಸಲ್ ಬರೋದು, ನೀವು ಬರ್ತಿರ್ಲಿಲ್ಲ. ಕುಸುಮಾ, ನಂಗೆ ನೀವು ಅಂದ್ರೆ ಇಷ್ಟ."

ಕುಸುಮಾ ಕೈ ಚಾಚಿದಳು.

"ಆ ಕಪ್ಪು ಮಣಿ ಎಲ್ಲಿ? ಎಸೆದಿದ್ರೆ ಈಗ್ಲೇ ಹೇಳಿ."

ಅವನು ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಅವಳು ಸ್ಟೂಲ್ ಎಳೆದು ಕೂತು, ಬಿಳಿ ಮಣಿ ಬಿಚ್ಚಿ, ಕಪ್ಪು ಮಣಿಯನ್ನು ಅದೇ ಕೆನ್ನೆಗೆ ಪೋಣಿಸಿದಳು.

ಆಮೇಲೆ ತನ್ನ ಕಣ್ಣಂಚಿಗೆ ಬೆರಳು ಒತ್ತಿ, ಕಾಡಿಗೆಯನ್ನು ಅವನ ಕೆನ್ನೆಗೂ ಹಚ್ಚಿದಳು.

"ಎಂತ ಇದು? ಅಂಗಡಿಗೆ ಜನ ಬರ್ತಾರೆ..."

"ಬರ್ಲಿ. ಅದಕ್ಕೇ ಇಟ್ಟಿದ್ದು."

"ಯಾರಾದ್ರೂ ತಪ್ಪು ಅಂತ ಅಳಿಸೋಕೆ ಬಂದ್ರೆ?"

"ನನ್ನ ಕೇಳಿ ಅಳಿಸೋಕೆ ಹೇಳಿ," ಎಂದಳು ಕುಸುಮಾ. "ನಾನು ಇಲ್ಲೇ ಇರ್ತೀನಿ."