ಏಳದ ನೊರೆ

ಮಮತ ಗೆಳತಿಯ ಮನೆಗೆ ಹೋದಾಗ ಪ್ರಮೋದಾ ಅಡುಗೆಮನೆಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಎದುರಿಗೆ ಫ್ರೆಂಚ್ ಸ್ಪಂಜ್ ಕೇಕು ರೊಟ್ಟಿಯಂತೆ ಚಪ್ಪಟೆಯಾಗಿ ಬಿದ್ದಿತ್ತು. ಸೋಡಾ ಹಾಕದ ಕೇಕು ಅದು. ಮೊಟ್ಟೆಯ ಬಿಳಿ ನೊರೆಯೆದ್ದರೆ ಮಾತ್ರ ಉಬ್ಬುತ್ತದೆ. ಅವತ್ತು ನೊರೆಯೇ ಎದ್ದಿರಲಿಲ್ಲ.

ಸಂಜೆ ಅದನ್ನು ಏರ್‌ಪೋರ್ಟ್ ರಸ್ತೆಯ ಹೋಟೆಲಿನವರಿಗೆ ತೋರಿಸಬೇಕಿತ್ತು. ಅವರು ಮೆಚ್ಚಿದರೆ ಪ್ರಮೋದಾಳಿಗೆ ಅಲ್ಲೇ ಕೆಲಸ, ಇಲ್ಲದಿದ್ದರೆ ಬೇರೆಯವರಿಗೆ. ಕ್ಯಾಬ್ ಓಡಿಸುತ್ತಿದ್ದ ಗಂಡ ಕಾಂತರಾಜು ಹೋದ ವರ್ಷ ಅದೇ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತಿದ್ದ. ಬೂದಿಗೆರೆಯ ಆ ಮನೆ ಈಗ ಅವಳ ದುಡಿಮೆಯ ಮೇಲೇ ನಿಂತಿತ್ತು. ಮಗಳು ಅಕ್ಷತ ಅವತ್ತಿನಿಂದ ಆ ರಸ್ತೆ ತುಳಿಯದೆ, ಎರಡು ಬಸ್ಸು ಬದಲಿಸಿ ಸುತ್ತಿಕೊಂಡು ಕಾಲೇಜಿಗೆ ಹೋಗುತ್ತಿದ್ದಳು.

ಮೈದುನ ನಂದೀಶ್ ಜಗಲಿಯಲ್ಲೇ ಕೊಟ್ಟುಹೋದ ಮೊಟ್ಟೆ ಹಳೆಯದಿರಬಹುದೆಂದು ಮಮತ ತನ್ನ ಕೋಳಿ ಆಗಷ್ಟೇ ಇಟ್ಟ ಮೊಟ್ಟೆ ತಂದಳು. ಪಾತ್ರೆಯನ್ನೂ ಬದಲಿಸಿದರು. ಬೆಳಿಗ್ಗೆಯೇ ಅಕ್ಷತ ತೊಳೆದು ಜೋಡಿಸಿಟ್ಟಿದ್ದ ಮೊಟ್ಟೆ ಕಡೆಯುವ ಬೀಟರು ಎಷ್ಟು ತಿರುಗಿದರೂ ಬಿಳಿಭಾಗ ನೀರಾಗಿಯೇ ಉಳಿಯಿತು.

ಅನುಮಾನ ಅತ್ತೆ ಮುನಿಗಂಗಮ್ಮನ ಮೇಲೆ ಹೋಯಿತು. ಶನಿವಾರ ಮೊಟ್ಟೆ ಒಡೆಯುತ್ತಾರಲ್ಲ ಎಂದು ಬೆಳಗಿನಿಂದ ಗೊಣಗುತ್ತಿದ್ದವಳು ಅವಳೇ. ಪ್ರಮೋದಾ ಮುಖಕ್ಕೇ ಕೇಳಿಬಿಟ್ಟಳು. ಹೊಸ್ತಿಲಾಚೆ ನಿಂತಿದ್ದ ಮುದುಕಿ ಮೊಮ್ಮಗಳ ಕಡೆ ಒಮ್ಮೆ ನೋಡಿ, "ಹೂಂ, ನಾನೇ" ಅಂದಳು.

ಮಮತಳಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಹೋಗಿ ಪಕ್ಕದ ಮನೆಯ ಲಕ್ಕಮ್ಮನನ್ನು ಕರೆತಂದಳು. ಲಕ್ಕಮ್ಮ ನಿವೃತ್ತ ಹೆಡ್ ಕಾನ್‌ಸ್ಟೆಬಲ್. ಕೋಳಿ ಕಳೆದರೂ ಮೂಗುತಿ ಕಳೆದರೂ ಊರಿನವರು ಮೊದಲು ತಟ್ಟುವುದು ಅವಳ ಬಾಗಿಲನ್ನೇ. ಅವಳ ಪತ್ತೇದಾರಿಕೆಗೆಲ್ಲ ಮಮತಳೇ ಬಾಲ.

ಲಕ್ಕಮ್ಮ ಕುದಿಯುವ ನೀರು ತರಿಸಿ ಬೀಟರಿನ ತಂತಿಗಳನ್ನು ಅದ್ದಿದಳು. ನೀರಿನ ಮೇಲೆ ಎಣ್ಣೆ ತೇಲಿತು. ಮೂಸಿ ನೋಡಿ ಕೊಬ್ಬರಿ ಎಣ್ಣೆ ಅಂದಳು. ಆಮೇಲೆ ತಂತಿಗಳನ್ನು ಒರೆಸಿಕೊಡುವಂತೆ ಮುನಿಗಂಗಮ್ಮನ ಮುಂದೆ ಹಿಡಿದಳು. ಮುದುಕಿ ಕೈ ಹಿಂದಕ್ಕೆ ಎಳೆದುಕೊಂಡಳು.

ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ ಲಕ್ಕಮ್ಮ ಬಿಡಿಸಿ ಹೇಳಿದಳು. ಮೊಟ್ಟೆ ಬದಲಾಯಿತು, ಪಾತ್ರೆ ಬದಲಾಯಿತು, ಬದಲಾಗದೆ ಉಳಿದದ್ದು ಬೀಟರು. ತೊಟ್ಟು ಎಣ್ಣೆ ಸೋಕಿದರೂ ಮೊಟ್ಟೆಯ ಬಿಳಿ ಏಳುವುದಿಲ್ಲ. ನಂದೀಶ್ ಒಳಗೆ ಬಂದಿರಲೇ ಇಲ್ಲ, ಬೀಟರು ತೊಳೆದಿಟ್ಟವಳು ಅಕ್ಷತ.

"ಗಂಗಮ್ಮಕ್ಕ, ಶನಿವಾರ ಮೊಟ್ಟೆ ಸಾಮಾನು ಮುಟ್ಟಿದ್ರೆ ತಲೆಗೆ ನೀರು ಹಾಕ್ಕೊಳ್ದೆ ಇರ್ತೀಯಾ ನೀನು? ನಿನ್ ಕೂದ್ಲು ಒಣಗೈತೆ. ಮೊಮ್ಮಗಳ ಮೇಲೆ ಬರೋ ಮಾತನ್ನ ನಿನ್ ಮೇಲೆ ಎಳ್ಕೊಂಡಿದೀಯ."

ಮುನಿಗಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಕ್ಷತ ಅಳಲಿಲ್ಲ.

"ನಾನೇ ಎಣ್ಣೆ ಸವರಿದ್ದು. ಕೆಲ್ಸ ಸಿಕ್ಕಿದ್ರೆ ಅಮ್ಮ ದಿನಾ ಆ ರಸ್ತೇಲಿ ಹೋಗ್ಬೇಕಾಗಿತ್ತು. ಬೆಳಿಗ್ಗೆ ಹೋದೋರು ಸಂಜೆ ಬರ್ತಾರೆ ಅಂತ ಇನ್ನೊಂದ್ಸಲ ಕಾಯೋಕೆ ನನ್ ಕೈಲಿ ಆಗಲ್ಲ."

"ನನ್ಗೆ ಹೇಳ್ಬಾರ್ದಿತ್ತಾ?" ಪ್ರಮೋದಾ ಕೇಳಿದಳು.

"ಹೇಳಿದ್ರೆ ಕೆಲ್ಸ ಬಿಡ್ತಿದ್ಯಾ?"

ಪ್ರಮೋದಾ ಎದ್ದು ಹೋಗಿ ಬೀಟರನ್ನು ಬಿಸಿನೀರಲ್ಲಿ ಉಜ್ಜಿ ತೊಳೆದು, ಉಳಿದ ಮೊಟ್ಟೆ ಒಡೆದಳು. ಈ ಸಲ ನೊರೆ ಎದ್ದಿತು. ಏಳದಿದ್ದರೇ ಚೆನ್ನಾಗಿತ್ತೇನೋ ಎಂದು ಮಮತಳಿಗೆ ಅನಿಸಿತು.

ಸಂಜೆ ಪ್ರಮೋದಾ ಕೇಕಿನ ಡಬ್ಬ ಇಟ್ಟುಕೊಂಡು ಸ್ಕೂಟರ್ ತೆಗೆದಳು. ಅಕ್ಷತ ಬಂದು ಹಿಂದೆ ಹತ್ತಿದಳು.

"ನೀನ್ಯಾಕೆ ಮಗಳೇ?"

"ಆಗೋದಾದ್ರೆ ಇಬ್ರಿಗೂ ಆಗ್ಲಿ."

ಸ್ಕೂಟರ್ ತಿರುವು ದಾಟಿ ಕಣ್ಮರೆಯಾಯಿತು. ಮಮತ ಮುನಿಗಂಗಮ್ಮನ ಕೈ ಹಿಡಿದುಕೊಂಡು, ಅವರಿಬ್ಬರೂ ಬರುವವರೆಗೆ ಜಗಲಿ ಬಿಟ್ಟು ಏಳಲಿಲ್ಲ.